ಬದಲಾವಣೆಯನ್ನು ಸಾರುವ ಬಗೆ: ಲಿನಕ್ಸ್ ಕರ್ನೆಲ್‌ನ ಸಂರಚನಾ ಕಡತಗಳು ಮತ್ತು ಸೂಚನಾ ವ್ಯವಸ್ಥೆ

ಜಾನಪದ ಸಂಗ್ರಹ ಮತ್ತು ಸಂರಕ್ಷಣೆಯ ಕ್ಷೇತ್ರದಲ್ಲಿ ಗಣಕಯಂತ್ರದ ಬಳಕೆ ಇಂದು ಹೊಸ ಸಂಗತಿಯಾಗಿ ಉಳಿದಿಲ್ಲ. ಕ್ಷೇತ್ರಕಾರ್ಯದಲ್ಲಿ ಧ್ವನಿಮುದ್ರಿಸಿಕೊಂಡ ಕ್ಯಾಸೆಟ್ಟುಗಳನ್ನು ಅಂಕೀಯ ರೂಪಕ್ಕೆ ತರುವುದು, ಅವುಗಳ ಸೂಚಿಯನ್ನು ಸಿದ್ಧಪಡಿಸುವುದು, ಪಾಠಾಂತರಗಳನ್ನು ಹೋಲಿಸಿ ನೋಡುವುದು ಮುಂತಾದ ಕಾರ್ಯಗಳೆಲ್ಲ ಯಂತ್ರದ ನೆರವಿನಿಂದಲೇ ನಡೆಯುತ್ತಿವೆ. ಆದರೆ ಯಂತ್ರವು ನಮ್ಮ ಸಾಮಗ್ರಿಯ ಮೇಲೆ ತನ್ನದೇ ಗುರುತುಗಳನ್ನು ಒತ್ತುತ್ತದೆ ಎಂಬುದನ್ನಾಗಲಿ, ಆ ಗುರುತು ತಪ್ಪಿದಾಗ ಸಂಭವಿಸುವ ಹಾನಿಯನ್ನಾಗಲಿ ಜಾನಪದ ವಿದ್ವಾಂಸರು ಗಂಭೀರವಾಗಿ ಪರಿಶೀಲಿಸಿದ್ದು ಕಡಿಮೆ. ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನೆಲ್ ತನ್ನ ಸಂರಚನಾ ಕಡತಗಳಲ್ಲಿ ಆದ ಬದಲಾವಣೆಯನ್ನು ಇತರ ತಂತ್ರಾಂಶಗಳಿಗೆ ಹೇಗೆ ತಿಳಿಸುತ್ತದೆ, ಆ ಸೌಲಭ್ಯ ಅದಕ್ಕೆ ಯಾವಾಗ ಸೇರಿತು, ಅದರ ಮಿತಿಗಳೇನು ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಈ ವಿಷಯದ ಕಡೆಗೆ ನಾನು ಹೊರಳಿದ್ದು ಪಾಂಡಿತ್ಯದ ಕುತೂಹಲದಿಂದಲ್ಲ. ಒಂದು ತಪ್ಪಿನ ಜಾಡು ಹಿಡಿದು. ಆದುದರಿಂದ ಆ ತಪ್ಪನ್ನೇ ಮೊದಲು ನಿವೇದಿಸುವುದು ಉಚಿತ.

೨೦೧೬ರ ಬೇಸಗೆಯಲ್ಲಿ ನಾನು ಕೆಲಸ ಮಾಡುತ್ತಿದ್ದ ಧ್ವನಿಭಂಡಾರವೊಂದರಲ್ಲಿ, ಚಾಮರಾಜನಗರದ ಕಡೆಯ ನೀಲಗಾರರು ಹಾಡಿದ ಮಂಟೇಸ್ವಾಮಿ ಕಾವ್ಯದ ಕ್ಯಾಸೆಟ್ಟುಗಳನ್ನು ಅಂಕೀಯಗೊಳಿಸುವ ಕೆಲಸ ನಡೆದಿತ್ತು. ಎರಡು ಗಣಕಯಂತ್ರಗಳು, ಎರಡಕ್ಕೂ ಒಂದೊಂದು ಟೇಪ್ ಡೆಕ್. ಯಂತ್ರಗಳಿಗೆ ಕಪಿಲಾ, ಸುವರ್ಣಾವತಿ ಎಂದು ಹೊಳೆಗಳ ಹೆಸರಿಟ್ಟಿದ್ದೆವು. ಕಪಿಲಾಕ್ಕೆ ಜೋಡಿಸಿದ್ದ ಡೆಕ್ಕಿನ ವೇಗ ಸರಿಯಾಗಿತ್ತು. ಸುವರ್ಣಾವತಿಗೆ ಜೋಡಿಸಿದ್ದು ಹಳೆಯದು, ಕೊಂಚ ಬೇಗ ಓಡುತ್ತಿತ್ತು. ಅದರಿಂದ ಬಂದ ಧ್ವನಿ ಸುಮಾರು ಒಂದು ಸ್ವರಸ್ಥಾನದಷ್ಟು ಏರಿರುತ್ತಿತ್ತು. ಈ ದೋಷ ತಿಳಿದಿದ್ದುದರಿಂದ, ಧ್ವನಿಕಡತದ ತಲೆಬರಹದಲ್ಲಿ ಸುವರ್ಣಾವತಿ ಎಂದಿದ್ದರೆ ಶ್ರುತಿಯನ್ನು ಅಷ್ಟೇ ಪ್ರಮಾಣದಲ್ಲಿ ಇಳಿಸುವ ಏರ್ಪಾಡು ಮಾಡಿದ್ದೆವು. ತಲೆಬರಹವನ್ನು ಹಾಕುತ್ತಿದ್ದವರು ಮನುಷ್ಯರಲ್ಲ. ಧ್ವನಿಮುದ್ರಣದ ತಂತ್ರಾಂಶವೇ ಯಂತ್ರದ ಹೆಸರನ್ನು ಕರ್ನೆಲ್‌ನಿಂದ ಕೇಳಿ ತಿಳಿದು ಬರೆದುಕೊಳ್ಳುತ್ತಿತ್ತು.

ಕೊಠಡಿಗೆ ಹೊಸ ಮೇಜುಗಳು ಬಂದ ದಿನ ಡೆಕ್ಕುಗಳನ್ನು ಎತ್ತಿಟ್ಟು ಮರಳಿ ಜೋಡಿಸುವಾಗ ಅವು ಅದಲುಬದಲಾದವು. ತಾಂತ್ರಿಕ ಸಹಾಯಕರು ಇದನ್ನು ಗಮನಿಸಿ, ತಂತಿಗಳನ್ನು ಮತ್ತೆ ಬಿಚ್ಚುವುದಕ್ಕಿಂತ ಸುಲಭವೆಂದು ಎರಡೂ ಯಂತ್ರಗಳ ಹೆಸರುಗಳನ್ನೇ ಅದಲುಬದಲು ಮಾಡಿದರು. ಅವರು ಮಾಡಿದ್ದರಲ್ಲಿ ದೋಷವಿಲ್ಲ. ಹೆಸರು ಬದಲಾಯಿತು, ಕರ್ನೆಲ್‌ಗೂ ಅದು ತಿಳಿಯಿತು. ತಿಳಿಯದೆ ಉಳಿದದ್ದು ಧ್ವನಿಮುದ್ರಣದ ತಂತ್ರಾಂಶಕ್ಕೆ. ಅದು ತಾನು ಆರಂಭವಾದಾಗ ಒಮ್ಮೆ ಹೆಸರನ್ನು ಕೇಳಿ ಮನದಟ್ಟು ಮಾಡಿಕೊಂಡಿತ್ತು, ಮತ್ತೆ ಕೇಳಲಿಲ್ಲ. ಹನ್ನೊಂದು ದಿನಗಳ ಕಾಲ ಎರಡೂ ಯಂತ್ರಗಳಲ್ಲಿ ಹಳೆಯ ಹೆಸರಿನ ತಲೆಬರಹವೇ ಬೀಳುತ್ತ ಹೋಯಿತು. ಫಲವಾಗಿ, ಸರಿಯಾಗಿದ್ದ ಧ್ವನಿಯನ್ನು ನಾವು ಇಳಿಸಿದೆವು, ಏರಿದ್ದ ಧ್ವನಿಯನ್ನು ಏರಿದಂತೆಯೇ ಬಿಟ್ಟೆವು.

ತಪ್ಪನ್ನು ಹಿಡಿದವರು ನಮ್ಮ ಪೈಕಿ ಯಾರೂ ಅಲ್ಲ. ದಿವಂಗತ ಹಾಡುಗಾರರೊಬ್ಬರ ಮಗ, ತಂದೆಯ ದನಿಯನ್ನು ಕೇಳಬೇಕೆಂದು ಬಂದವರು, ಎರಡು ನಿಮಿಷ ಕೇಳಿ ಕಿವಿಯಿಂದ ಹೆಡ್‌ಫೋನ್ ತೆಗೆದರು. “ಇದು ನಮ್ಮಯ್ಯನ ದನಿ ಅಲ್ಲ ಸ್ವಾಮಿ, ಯಾರೋ ಹೈದ ಹಾಡ್ದಂಗದ” ಎಂದರು. ತಂಬೂರಿಯ ಶ್ರುತಿಯೂ ತಮ್ಮ ಮನೆಯದಲ್ಲವೆಂದರು. ಆ ಅವಧಿಯಲ್ಲಿ ಅಂಕೀಯಗೊಂಡ ಕ್ಯಾಸೆಟ್ಟುಗಳು ೩೮. ಅವುಗಳಲ್ಲಿ ೯ನ್ನು ಮನೆಯವರಿಗೆ ಆಗಲೇ ಹಿಂದಿರುಗಿಸಿಬಿಟ್ಟಿದ್ದೆವು.

ಕೇಳಿದಾಗ ಹುಟ್ಟುವ ಪಠ್ಯ

ಕರ್ನೆಲ್ ಎಂದರೆ ಯಂತ್ರಾಂಶಕ್ಕೂ ತಂತ್ರಾಂಶಗಳಿಗೂ ನಡುವೆ ನಿಂತು ಸ್ಮೃತಿ, ಸಮಯ, ಕಡತ, ಜಾಲ ಇವುಗಳನ್ನು ಹಂಚಿಕೊಡುವ ಮೂಲ ತಂತ್ರಾಂಶ. ಇಲ್ಲಿ ನಾನು ಪ್ರಸ್ತಾಪಿಸುತ್ತಿರುವುದು ಲಿನಸ್ ಟೋರ್ವಾಲ್ಡ್ಸ್ ಅವರು ೧೯೯೧ರಲ್ಲಿ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದಾಗ ಆರಂಭಿಸಿದ, ಇಂದು ಜಗತ್ತಿನಾದ್ಯಂತ ಸಾವಿರಾರು ಜನ ಸೇರಿ ಬೆಳೆಸುತ್ತಿರುವ ಲಿನಕ್ಸ್ ಕರ್ನೆಲ್. ಕರ್ತೃತ್ವ ಹಂಚಿಹೋಗಿರುವ, ನಿರಂತರವಾಗಿ ತಿದ್ದಲ್ಪಡುವ ಕೃತಿ ಎಂಬ ಕಾರಣದಿಂದಲೂ ಅದು ನಮ್ಮ ಶಿಸ್ತಿನವರ ಆಸಕ್ತಿಗೆ ಅರ್ಹವಾದದ್ದು. ಆ ಮಾತು ಬೇರೊಂದು ಲೇಖನಕ್ಕಿರಲಿ.

ಓಡುತ್ತಿರುವ ಕರ್ನೆಲ್‌ನ ನಡವಳಿಕೆಯನ್ನು ನಿಲ್ಲಿಸದೆಯೇ ತಿದ್ದಲು ಅನುಕೂಲವಾಗುವಂತೆ ಅದರ ಅನೇಕ ಮೌಲ್ಯಗಳನ್ನು ಕಡತಗಳ ರೂಪದಲ್ಲಿ ಹೊರಗೆ ತೋರಿಸಲಾಗಿದೆ. ‘ಪ್ರಾಕ್’ ಎಂಬ ಕೋಶದೊಳಗೆ ‘ಸಿಸ್’, ಅದರೊಳಗೆ ‘ಕರ್ನೆಲ್’, ಅದರೊಳಗೆ ‘ಹೋಸ್ಟ್‌ನೇಮ್’ ಎಂಬ ಕಡತವಿದೆ. ಅದನ್ನು ಓದಿದರೆ ಯಂತ್ರದ ಹೆಸರು ದೊರೆಯುತ್ತದೆ. ಅಧಿಕಾರವುಳ್ಳವರು ಅದರಲ್ಲಿ ಬರೆದರೆ ಹೆಸರು ಬದಲಾಗುತ್ತದೆ. ಹೆಸರಿನ ಉದ್ದ ಹೆಚ್ಚೆಂದರೆ ೬೪ ಅಕ್ಷರ. ಇಂತಹ ಕಡತಗಳ ಸಮೂಹಕ್ಕೆ ‘ಸಿಸ್‌ಕಂಟ್ರೋಲ್’ ಎಂಬ ಅರ್ಥದ ‘ಸಿಸ್‌ಸಿಟಿಎಲ್’ ಎಂಬ ಹೆಸರು ಬಳಕೆಯಲ್ಲಿದೆ.

ಕಡತ ಎಂಬ ಮಾತು ಇಲ್ಲಿ ದಾರಿ ತಪ್ಪಿಸುತ್ತದೆ. ಈ ಕಡತಗಳು ಯಾವ ತಟ್ಟೆಯ ಮೇಲೂ ಬರೆದಿಟ್ಟವುಗಳಲ್ಲ. ಅವುಗಳ ಗಾತ್ರವನ್ನು ಕೇಳಿದರೆ ಯಂತ್ರವು ಸೊನ್ನೆ ಎನ್ನುತ್ತದೆ. ಯಾರಾದರೂ ಓದಲು ತೆರೆದ ಕ್ಷಣದಲ್ಲಿ ಕರ್ನೆಲ್ ತನ್ನ ಸ್ಮೃತಿಯಲ್ಲಿರುವ ಮೌಲ್ಯವನ್ನು ಅಕ್ಷರಗಳಾಗಿ ಕಟ್ಟಿ ಕೊಡುತ್ತದೆ; ಓದುಗ ಹೋದ ಮೇಲೆ ಆ ಪಠ್ಯವೂ ಇಲ್ಲ. ಮೌಖಿಕ ಕಾವ್ಯದ ಪಠ್ಯ ಪ್ರದರ್ಶನದಲ್ಲಿಯೇ ಹುಟ್ಟುತ್ತದೆ ಎಂಬುದನ್ನು ಮಿಲ್ಮನ್ ಪ್ಯಾರಿ ಮತ್ತು ಆಲ್ಬರ್ಟ್ ಲಾರ್ಡ್ ಅವರ ಅಧ್ಯಯನಗಳಿಂದ ನಾವು ಕಲಿತಿದ್ದೇವೆ. ಲಾರ್ಡ್ ಅವರ ‘ದಿ ಸಿಂಗರ್ ಆಫ್ ಟೇಲ್ಸ್’ ೧೯೬೦ರಲ್ಲಿ ಪ್ರಕಟವಾದ ಮೇಲೆ ಇದು ನಮ್ಮ ಶಿಸ್ತಿನ ಸಾಮಾನ್ಯ ಜ್ಞಾನವೇ ಆಯಿತು. ಪ್ರಾಕ್ ಕೋಶದ ಕಡತವೂ ಅಂತಹದೇ ಪಠ್ಯ, ಕೇಳುವವನಿದ್ದಾಗ ಮಾತ್ರ ಇರುವಂತಹದು. ಹೋಲಿಕೆ ಇಷ್ಟಕ್ಕೇ ಸೀಮಿತ. ಹಾಡುಗಾರನ ಸೃಜನಶೀಲತೆಯ ಲವಲೇಶವೂ ಕರ್ನೆಲ್‌ಗಿಲ್ಲ, ಅದು ಸ್ಮೃತಿಯಲ್ಲಿದ್ದುದನ್ನೇ ಒಪ್ಪಿಸುತ್ತದೆ. ಆದರೂ ಈ ಸ್ವಭಾವವನ್ನು ಗ್ರಹಿಸದೆ ಮುಂದಿನ ಸಮಸ್ಯೆ ಅರ್ಥವಾಗಲಾರದು.

ಮೊದಲಿದ್ದ ದಾರಿಗಳು

ಒಂದು ಕಡತ ಬದಲಾದುದನ್ನು ತಿಳಿಯಲು ತಂತ್ರಾಂಶವೊಂದಕ್ಕೆ ಎರಡು ದಾರಿಗಳುಂಟು. ಮೊದಲನೆಯದು ಆಗಾಗ ಹೋಗಿ ನೋಡುವುದು. ಕ್ಷಣಕ್ಕೊಮ್ಮೆ ನೋಡುತ್ತಿದ್ದರೆ ದಿನಕ್ಕೆ ೮೬,೪೦೦ ಸಲವಾಯಿತು. ಹೆಸರು ಬದಲಾಗುವುದು ವರ್ಷಕ್ಕೊಮ್ಮೆಯೋ ಎರಡು ಸಲವೋ. ಉಳಿದಷ್ಟು ಸಲವೂ ಸಂಸ್ಕಾರಕವನ್ನು ನಿದ್ದೆಯಿಂದ ಎಬ್ಬಿಸಿ, ಏನೂ ಇಲ್ಲವೆಂದು ತಿಳಿದು, ಮತ್ತೆ ಮಲಗಿಸಿದಂತೆ. ವಿದ್ಯುತ್ಕೋಶದಿಂದ ನಡೆಯುವ ಯಂತ್ರದಲ್ಲಿ ಈ ವ್ಯರ್ಥ ಸಣ್ಣದಲ್ಲ. ಅಂತರವನ್ನು ಹೆಚ್ಚಿಸಿದರೆ ವ್ಯರ್ಥ ಕಡಿಮೆಯಾಗುತ್ತದೆ, ಆದರೆ ಬದಲಾವಣೆಗೂ ಅದನ್ನು ತಿಳಿಯುವುದಕ್ಕೂ ನಡುವೆ ತಪ್ಪುಗಳಿಗೆ ಅವಕಾಶ ದೊರೆಯುತ್ತದೆ.

ಎರಡನೆಯ ದಾರಿ, ಬದಲಾದಾಗ ತನಗೆ ತಿಳಿಸಬೇಕೆಂದು ಕರ್ನೆಲ್‌ಗೆ ಹೇಳಿ ಸುಮ್ಮನೆ ಕುಳಿತಿರುವುದು. ಸಾಮಾನ್ಯ ಕಡತಗಳಿಗೆ ಈ ಸೌಲಭ್ಯ ಲಿನಕ್ಸ್‌ನಲ್ಲಿ ಮುಂಚೆಯೇ ಬಂದಿತ್ತು. ೨೦೦೧ರ ಜನವರಿಯಲ್ಲಿ ಹೊರಬಂದ ೨.೪ನೆಯ ಆವೃತ್ತಿಯಲ್ಲಿ ‘ಡಿನೋಟಿಫೈ’ ಎಂಬುದಿತ್ತು. ಅದು ಕೋಶವೊಂದರಲ್ಲಿ ಏನೋ ಬದಲಾಯಿತು ಎಂದು ಹೇಳುತ್ತಿತ್ತೇ ಹೊರತು ಯಾವ ಕಡತವೆಂದು ಹೇಳುತ್ತಿರಲಿಲ್ಲ. ೨೦೦೫ರ ಆಗಸ್ಟಿನಲ್ಲಿ ೨.೬.೧೩ನೆಯ ಆವೃತ್ತಿಯೊಂದಿಗೆ ಬಂದ ‘ಇನೋಟಿಫೈ’ ಈ ಕೊರತೆಯನ್ನು ನೀಗಿತು; ಕಡತದ ಹೆಸರನ್ನೂ ಆದ ಘಟನೆಯ ಬಗೆಯನ್ನೂ ತಿಳಿಸತೊಡಗಿತು.

ಆದರೆ ಪ್ರಾಕ್ ಕೋಶದ ಕಡತಗಳಿಗೆ ಇನೋಟಿಫೈ ಸಲ್ಲದು. ಕಾರಣವನ್ನು ಮೇಲೆಯೇ ಹೇಳಿದಂತಾಯಿತು. ಇನೋಟಿಫೈ ಕಾಯುವುದು ಕಡತವ್ಯವಸ್ಥೆಯ ಬಾಗಿಲುಗಳನ್ನು: ಯಾರು ತೆರೆದರು, ಯಾರು ಬರೆದರು, ಯಾರು ಅಳಿಸಿದರು ಎಂದು. ಪ್ರಾಕ್ ಕಡತದ ಹಿಂದಿರುವ ಮೌಲ್ಯವಾದರೋ ಆ ಬಾಗಿಲನ್ನು ಮುಟ್ಟದೆಯೇ ಕರ್ನೆಲ್‌ನ ಒಳಗೇ ಬದಲಾಗಬಲ್ಲದು. ಯಂತ್ರದ ಹೆಸರನ್ನು ಬದಲಿಸಲು ಕಡತದಲ್ಲಿ ಬರೆಯುವುದು ಒಂದು ಬಗೆ. ‘ಸೆಟ್‌ಹೋಸ್ಟ್‌ನೇಮ್’ ಎಂಬ ವ್ಯವಸ್ಥಾ ಕರೆಯ ಮೂಲಕ ನೇರವಾಗಿ ಕರ್ನೆಲ್‌ಗೆ ಹೇಳುವುದು ಇನ್ನೊಂದು, ಹೆಚ್ಚು ಬಳಕೆಯಲ್ಲಿರುವ ಬಗೆ. ಎರಡನೆಯ ಬಗೆಯಲ್ಲಿ ಕಡತವನ್ನು ಯಾರೂ ತೆರೆಯುವುದೇ ಇಲ್ಲ. ಬಾಗಿಲು ಕಾಯುವವನಿಗೆ ಮನೆಯೊಳಗೆ ಹುಟ್ಟಿದ ಮಗುವಿನ ಸುದ್ದಿ ತಿಳಿಯುವುದೆಂತು?

ಇಲ್ಲಿ ಓದುಗರಿಗೊಂದು ಸಂಶಯ ಬರಬಹುದು. ಯಂತ್ರದ ಹೆಸರು ‘ಇಟಿಸಿ’ ಎಂಬ ಕೋಶದ ಸಾಮಾನ್ಯ ಕಡತವೊಂದರಲ್ಲಿಯೂ ಇರುತ್ತದೆಯಲ್ಲ, ಅದನ್ನು ಇನೋಟಿಫೈ ಮೂಲಕ ಕಾಯಬಾರದೇ ಎಂದು. ನನಗೂ ಹಾಗೆಯೇ ಅನ್ನಿಸಿತ್ತು. ಆ ಕಡತ ಯಂತ್ರವು ಏಳುವಾಗ ಓದಿಕೊಳ್ಳುವ ಲಿಖಿತ ಮಾತ್ರ. ಅದನ್ನು ತಿದ್ದಿದೊಡನೆ ಕರ್ನೆಲ್‌ನಲ್ಲಿರುವ ಹೆಸರು ಬದಲಾಗುವುದಿಲ್ಲ. ಜಾಲಕ್ಕೆ ಸೇರಿದಾಗ ಅಲ್ಲಿಂದ ದೊರೆತ ತಾತ್ಕಾಲಿಕ ಹೆಸರನ್ನು ಯಂತ್ರವು ಧರಿಸಿದರೆ ಆ ಕಡತದಲ್ಲಿ ಅದರ ಸುಳಿವೂ ಇರುವುದಿಲ್ಲ. ಬರೆದಿಟ್ಟ ಹೆಸರು ಒಂದು, ಕರೆಯುವ ಹೆಸರು ಇನ್ನೊಂದು ಎಂಬುದು ಜನಗಣತಿಯ ಪಟ್ಟಿಯನ್ನು ಹಿಡಿದು ಹಳ್ಳಿಯಲ್ಲಿ ಹಾಡುಗಾರರನ್ನು ಹುಡುಕಿದವರಿಗೆಲ್ಲ ಗೊತ್ತಿರುವ ವಿಚಾರ.

ಕರ್ನೆಲ್‌ನ ಇತರ ಕೆಲವು ವಿಶೇಷ ಕಡತಗಳು ಈ ತೊಡಕನ್ನು ತಮ್ಮದೇ ರೀತಿಯಲ್ಲಿ ಪರಿಹರಿಸಿಕೊಂಡಿದ್ದವು. ಯಂತ್ರಕ್ಕೆ ಜೋಡಿಸಿದ ಕಡತವ್ಯವಸ್ಥೆಗಳ ಪಟ್ಟಿಯನ್ನು ತೋರಿಸುವ ‘ಮೌಂಟ್ಸ್’ ಎಂಬ ಕಡತವು ೨.೬.೧೫ನೆಯ ಆವೃತ್ತಿಯಿಂದಲೇ ತನ್ನಲ್ಲಿ ಬದಲಾವಣೆಯಾದಾಗ ಕಾಯುತ್ತಿರುವವರನ್ನು ಎಬ್ಬಿಸುತ್ತಿತ್ತು. ಸಾಧನಗಳ ವಿವರ ನೀಡುವ ‘ಸಿಸ್‌ಎಫ್‌ಎಸ್’ ಕೋಶದ ಕಡತಗಳಿಗೂ ಅಂತಹ ಏರ್ಪಾಡಿತ್ತು. ಸಿಸ್‌ಸಿಟಿಎಲ್ ಕಡತಗಳು ಮಾತ್ರ ಮೂಕವಾಗಿದ್ದವು.

೨೦೧೧ರ ತಿದ್ದುಪಡಿ

ಈ ಮೂಕತನವನ್ನು ಹೋಗಲಾಡಿಸಿದ್ದು ಲೂಕಾಸ್ ಡಿ ಮಾರ್ಕಿ ಎಂಬ ಅಭಿಯಂತರರು ೨೦೧೧ರಲ್ಲಿ ರಚಿಸಿದ ಒಂದು ತಿದ್ದುಪಡಿ. ೨೦೧೨ರ ಜನವರಿ ಮೊದಲ ವಾರದಲ್ಲಿ ಬಿಡುಗಡೆಯಾದ ೩.೨ನೆಯ ಆವೃತ್ತಿಯಲ್ಲಿ ಅದು ಸೇರಿತು. ಸಿಸ್‌ಸಿಟಿಎಲ್ ಕಡತಗಳಿಗೆ ‘ಪೋಲ್’ ಎಂಬ ವ್ಯವಸ್ಥಾ ಕರೆಯ ಬೆಂಬಲವನ್ನು ಒದಗಿಸುವುದು ಅದರ ಉದ್ದೇಶ. ಸಾಮಾನ್ಯ ಚೌಕಟ್ಟನ್ನು ಎಲ್ಲ ಕಡತಗಳಿಗೂ ಅನ್ವಯಿಸುವಂತೆ ಕಟ್ಟಿದ್ದರೂ, ಅದನ್ನು ಆಗ ಅಳವಡಿಸಿದ್ದು ಎರಡೇ ಕಡತಗಳಿಗೆ: ಯಂತ್ರದ ಹೆಸರಿಗೆ ಮತ್ತು ಅದರ ಕ್ಷೇತ್ರನಾಮಕ್ಕೆ.

ಪೋಲ್ ಎಂಬ ಪದದ ಬಗ್ಗೆ ಒಂದು ಮಾತು. ಇಂಗ್ಲಿಷಿನಲ್ಲಿ ಆ ಪದಕ್ಕೆ ಹಿಂದೆ ತಲೆ ಎಂಬ ಅರ್ಥವಿತ್ತು. ತಲೆಗಳನ್ನು ಎಣಿಸುವುದು ಎಂಬುದರಿಂದ ಮತ ಕೇಳುವುದು ಎಂಬ ಅರ್ಥ ಬಂತು. ಗಣಕ ಪರಿಭಾಷೆಯಲ್ಲಿ ಮತ್ತೆ ಮತ್ತೆ ಹೋಗಿ ವಿಚಾರಿಸುವುದಕ್ಕೆ ‘ಪೋಲಿಂಗ್’ ಎನ್ನುತ್ತಾರೆ. ಆದರೆ ಅದೇ ಹೆಸರಿನ ಈ ವ್ಯವಸ್ಥಾ ಕರೆ ಮಾಡುವುದು ಇದಕ್ಕೆ ತೀರ ವಿರುದ್ಧವಾದುದನ್ನು. ಪೋಲ್ ಎಂದು ಕರೆದ ತಂತ್ರಾಂಶ ವಿಚಾರಿಸುತ್ತ ಅಲೆಯುವುದಿಲ್ಲ. ಒಮ್ಮೆ ಹೇಳಿ ಮಲಗುತ್ತದೆ, ಸಂಗತಿ ನಡೆದಾಗ ಎಬ್ಬಿಸಲ್ಪಡುತ್ತದೆ. ಹೆಸರಿಗೂ ಕೆಲಸಕ್ಕೂ ಸಂಬಂಧವಿಲ್ಲದ ಆಚರಣೆಗಳನ್ನು ಕಂಡಿರುವ ನಮಗೆ ಇದು ಆಶ್ಚರ್ಯವಲ್ಲವಾದರೂ, ಹೊಸಬರು ಇಲ್ಲಿ ಎಡವುತ್ತಾರೆ.

ತಿದ್ದುಪಡಿಯ ಒಳರಚನೆ ಅಚ್ಚರಿಯಾಗುವಷ್ಟು ಸರಳ. ಸೂಚನೆ ನೀಡಬಲ್ಲ ಪ್ರತಿಯೊಂದು ಕಡತದ ಹಿಂದೆ ಎರಡು ವಸ್ತುಗಳನ್ನು ಇರಿಸಲಾಗಿದೆ. ಒಂದು, ಬರಿಯ ಎಣಿಕೆ. ಇನ್ನೊಂದು, ಕಾಯುತ್ತಿರುವವರ ಸಾಲು. ಮೌಲ್ಯ ಬದಲಾದಾಗಲೆಲ್ಲ ಎಣಿಕೆ ಒಂದು ಹೆಚ್ಚುತ್ತದೆ, ಸಾಲಿನಲ್ಲಿದ್ದವರನ್ನು ಎಬ್ಬಿಸಲಾಗುತ್ತದೆ. ತಂತ್ರಾಂಶವೊಂದು ಕಡತವನ್ನು ತೆರೆದಾಗ ಆ ಹೊತ್ತಿನ ಎಣಿಕೆಯನ್ನು ಅದರ ತೆರೆದ ಪ್ರತಿಯಲ್ಲಿ ಗುರುತು ಹಾಕಿಕೊಳ್ಳಲಾಗುತ್ತದೆ. ಮುಂದೆ ಅದು ಪೋಲ್ ಎಂದು ಕೇಳಿದಾಗ ಕರ್ನೆಲ್ ಎರಡೂ ಎಣಿಕೆಗಳನ್ನು ಹೋಲಿಸುತ್ತದೆ. ಬೇರೆಯಾಗಿದ್ದರೆ ಬದಲಾವಣೆ ಆಗಿದೆ ಎಂದು ಹೇಳಿ, ಗುರುತನ್ನು ಹೊಸ ಎಣಿಕೆಗೆ ಸರಿಪಡಿಸುತ್ತದೆ. ಒಂದೇ ಆಗಿದ್ದರೆ ಕೇಳಿದವನು ಕಾಯಬೇಕು. ನೆನಪು ಇರುವುದು ಕಡತದಲ್ಲಲ್ಲ, ತೆರೆದವನ ಕೈಯಲ್ಲಿ ಎಂಬುದು ಗಮನಾರ್ಹ. ಹತ್ತು ಜನ ತೆರೆದಿದ್ದರೆ ಹತ್ತು ನೆನಪುಗಳು, ಒಬ್ಬರು ಎಚ್ಚೆತ್ತುದರಿಂದ ಇನ್ನೊಬ್ಬರ ಸುದ್ದಿ ಕಳೆದುಹೋಗುವುದಿಲ್ಲ.

ಎಣಿಕೆಯನ್ನು ಹೆಚ್ಚಿಸುವ ಕೆಲಸ ಎರಡು ಕಡೆ ನಡೆಯುತ್ತದೆ. ಕಡತದಲ್ಲಿ ಬರೆದಾಗ ಒಂದು ಕಡೆ, ಸೆಟ್‌ಹೋಸ್ಟ್‌ನೇಮ್ ಕರೆ ಬಂದಾಗ ಇನ್ನೊಂದು ಕಡೆ. ತಿದ್ದುಪಡಿಯ ಜೀವಾಳ ಇರುವುದು ಇಲ್ಲಿಯೇ ಎಂದು ನನ್ನ ಅಭಿಪ್ರಾಯ. ಬದಲಾವಣೆ ಯಾವ ಹಾದಿಯಿಂದ ಬಂದರೂ ಸೂಚನೆ ತಪ್ಪದಂತೆ, ಮೌಲ್ಯವು ನಿಜವಾಗಿ ಬದಲಾಗುವ ಸ್ಥಳದಲ್ಲಿಯೇ ಸಾರುವವನನ್ನು ನಿಲ್ಲಿಸಲಾಗಿದೆ. ಮೂರನೆಯ ಹಾದಿಯೊಂದು ಮುಂದೆಂದಾದರೂ ತೆರೆದುಕೊಂಡು, ಅಲ್ಲಿ ಇದನ್ನು ಅಳವಡಿಸಲು ಮರೆತರೆ ಮತ್ತೆ ಮೂಕತನವೇ.

ಬಳಸುವವರು ಪಾಲಿಸಬೇಕಾದ ಕ್ರಮಗಳಿವೆ. ಮೊದಲು ಕಡತವನ್ನು ತೆರೆಯಬೇಕು, ಅನಂತರ ಓದಬೇಕು, ಆಮೇಲೆ ಕಾಯಬೇಕು. ಈ ಅನುಕ್ರಮ ಮುಖ್ಯ. ಓದಿ ಮುಚ್ಚಿ, ಕಾಯುವುದಕ್ಕಾಗಿ ಮತ್ತೆ ತೆರೆದರೆ, ಮುಚ್ಚುವುದಕ್ಕೂ ತೆರೆಯುವುದಕ್ಕೂ ನಡುವಿನ ಬದಲಾವಣೆ ಹೊಸ ಗುರುತಿನಲ್ಲಿ ಸೇರಿಹೋಗಿ ಎಂದೆಂದಿಗೂ ತಿಳಿಯದೆ ಉಳಿಯುತ್ತದೆ. ಎಚ್ಚೆತ್ತ ಮೇಲೆ ಕಡತದ ಆರಂಭಕ್ಕೆ ಹೋಗಿ ಓದಬೇಕು. ನಿಂತಲ್ಲಿಂದ ಮುಂದಕ್ಕೆ ಓದಿದರೆ ಏನೂ ಸಿಗದು.

ಇನ್ನೊಂದು ವಿಚಿತ್ರವಿದೆ. ‘ಓದಲು ಏನಾದರೂ ಇದ್ದಾಗ ಎಬ್ಬಿಸು’ ಎಂದು ಕೇಳಿದರೆ ಕರ್ನೆಲ್ ಒಡನೆಯೇ ಎಬ್ಬಿಸುತ್ತದೆ, ಏಕೆಂದರೆ ಈ ಕಡತದಲ್ಲಿ ಓದಲು ಯಾವಾಗಲೂ ಏನಾದರೂ ಇದ್ದೇ ಇರುತ್ತದೆ. ಬದಲಾವಣೆಯನ್ನು ತಿಳಿಸುವುದು ಬೇರೆ ಎರಡು ಸಂಕೇತಗಳ ಮೂಲಕ: ಒಂದಕ್ಕೆ ತುರ್ತು ಎಂಬ ಅರ್ಥ, ಇನ್ನೊಂದಕ್ಕೆ ದೋಷ ಎಂಬ ಅರ್ಥ. ದೋಷದ ಸಂಕೇತವನ್ನು ಕೇಳದಿದ್ದರೂ ಕರ್ನೆಲ್ ಕೊಟ್ಟೇ ಕೊಡುತ್ತದೆ. ಆದುದರಿಂದ ಸಿಸ್ಟಮ್‌ಡಿ ಎಂಬ ತಂತ್ರಾಂಶಸಮೂಹದ ದಿನಚರಿ ಬರೆಯುವ ಘಟಕವು ಏನನ್ನೂ ಕೇಳದೆ, ಸೊನ್ನೆ ಎಂದು ನಮೂದಿಸಿ ಕಾಯುತ್ತದೆ. ಹೆಸರು ಬದಲಾದಾಗ ದೋಷ ಎಂಬ ಕೂಗು ಕೇಳಿ ಎದ್ದು, ಹೊಸ ಹೆಸರನ್ನು ಓದಿಕೊಂಡು ಮುಂದಿನ ದಾಖಲೆಗಳಲ್ಲಿ ಅದನ್ನು ಬಳಸುತ್ತದೆ. ಯಾವ ದೋಷವೂ ನಡೆದಿರುವುದಿಲ್ಲ. ಹಳೆಯ ಪದಗಳಿಗೆ ಹೊಸ ಕೆಲಸ ಹಚ್ಚಿದಾಗ ಆಗುವ ಅರ್ಥಪಲ್ಲಟಕ್ಕೆ ಇದು ಒಳ್ಳೆಯ ನಿದರ್ಶನ.

ತಮಟೆಯ ಸದ್ದು ಮತ್ತು ಸುದ್ದಿ

ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಮಾರಿಹಬ್ಬಕ್ಕೆ ಮುನ್ನ ತಮಟೆ ಬಡಿದು ಸಾರುವ ಪದ್ಧತಿಯನ್ನು ಈ ಸಂದರ್ಭದಲ್ಲಿ ನೆನೆಯಬಹುದು. ನೆನೆಯುವಾಗ ಅದನ್ನು ಸುಂದರಗೊಳಿಸಬಾರದು. ತಮಟೆ ಹೊರುವುದು ಒಂದು ಸಮುದಾಯದ ಮೇಲೆ ಊರು ಹೇರಿದ್ದ ಚಾಕರಿಯಾಗಿತ್ತು. ನನ್ನ ಗಮನವಿರುವುದು ಅದರ ಸಂವಹನದ ಬಗೆಯ ಮೇಲೆ ಮಾತ್ರ. ತಮಟೆಯ ಬಡಿತದಲ್ಲಿ ಸುದ್ದಿ ಇರುವುದಿಲ್ಲ. ಬಡಿತ ಜನರನ್ನು ಹೊರಗೆ ಕರೆಯುತ್ತದೆ, ಆಮೇಲೆ ಮಾತು. ಕರ್ನೆಲ್‌ನ ಸೂಚನೆಯೂ ಬಡಿತವೇ. ಏನೋ ಬದಲಾಯಿತು, ಬಂದು ಓದಿಕೋ ಎಂಬುದಷ್ಟೇ ಅದರ ಅರ್ಥ. ಹಿಂದಿನ ಹೆಸರು ಯಾವುದು, ಈಗಿನದು ಯಾವುದು, ಬದಲಿಸಿದವರು ಯಾರು, ಯಾವ ಗಳಿಗೆಯಲ್ಲಿ ಎಂಬ ಯಾವ ವಿವರವೂ ಅದರಲ್ಲಿಲ್ಲ.

ಇದರ ಪರಿಣಾಮಗಳು ಎರಡು. ಹೆಸರು ಬೇಗಬೇಗನೆ ಮೂರು ಸಲ ಬದಲಾಯಿತು ಎಂದಿಟ್ಟುಕೊಳ್ಳೋಣ. ಎಣಿಕೆ ಮೂರು ಹೆಚ್ಚುತ್ತದೆ. ಆದರೆ ಕಾಯುತ್ತಿದ್ದವನು ಏಳುವಷ್ಟರಲ್ಲಿ ಮೂರೂ ನಡೆದುಹೋಗಿದ್ದರೆ ಅವನಿಗೆ ತಿಳಿಯುವುದು ಬದಲಾಗಿದೆ ಎಂದು ಒಂದೇ ಸಲ. ಓದಿದಾಗ ಸಿಗುವುದು ಕೊನೆಯ ಹೆಸರು. ನಡುವಿನ ಎರಡು ಹೆಸರುಗಳು ಇದ್ದವೆಂಬುದಕ್ಕೆ ಸಾಕ್ಷಿಯೇ ಉಳಿಯದು. ಈಗಿನ ಸ್ಥಿತಿ ಮಾತ್ರ ಬೇಕಾದ ತಂತ್ರಾಂಶಕ್ಕೆ ಇದು ಗುಣವೇ ಹೊರತು ಕೊರತೆಯಲ್ಲ. ಪಾಠಾಂತರಗಳನ್ನೇ ಸಂಪತ್ತೆಂದು ಬಗೆಯುವ ನಮ್ಮಂತಹವರಿಗೆ ಅದು ಸಾಲದು. ಸೂಚನೆ ಬೇರೆ, ಚರಿತ್ರೆ ಬೇರೆ. ಧ್ವನಿಭಂಡಾರಗಳಿಗೆ ತಂತ್ರಾಂಶ ಕೊಳ್ಳುವವರು ಬದಲಾವಣೆಯ ಸೂಚನೆ ಇದೆ ಎಂಬ ಮಾರಾಟಗಾರರ ಮಾತನ್ನು ಬದಲಾವಣೆಯ ದಾಖಲೆ ಇದೆ ಎಂದು ತಿಳಿದುಕೊಳ್ಳುವುದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇನೆ.

ಎರಡನೆಯದು, ತಮಟೆಯ ಸದ್ದು ಪಕ್ಕದ ಕೇರಿಗೂ ಕೇಳುತ್ತದೆ. ೨೦೦೬ರಿಂದ ಲಿನಕ್ಸ್‌ನಲ್ಲಿ ಒಂದೇ ಯಂತ್ರದೊಳಗೆ ಪ್ರತ್ಯೇಕ ಹೆಸರುಗಳುಳ್ಳ ಹಲವು ಕೋಣೆಗಳನ್ನು ಕಟ್ಟಲು ಸಾಧ್ಯವಾಗಿದೆ. ಕಂಟೇನರ್ ಎಂದು ಈಗ ಎಲ್ಲೆಡೆ ಬಳಕೆಯಾಗುತ್ತಿರುವ ತಂತ್ರಕ್ಕೆ ಇದೂ ಒಂದು ಅಡಿಗಲ್ಲು. ಪ್ರತಿ ಕೋಣೆಯೂ ಹೋಸ್ಟ್‌ನೇಮ್ ಕಡತದಲ್ಲಿ ತನ್ನ ಹೆಸರನ್ನೇ ಓದುತ್ತದೆ. ಆದರೆ ಈ ತಿದ್ದುಪಡಿಯಲ್ಲಿ ಎಣಿಕೆಯನ್ನೂ ಕಾಯುವವರ ಸಾಲನ್ನೂ ಎಲ್ಲ ಕೋಣೆಗಳಿಗೂ ಸೇರಿ ಒಂದೊಂದೇ ಇರಿಸಲಾಯಿತು. ಒಂದು ಕೋಣೆಯ ಹೆಸರು ಬದಲಾದರೆ ಎಲ್ಲ ಕೋಣೆಗಳ ಕಾವಲುಗಾರರೂ ಎಚ್ಚರಗೊಳ್ಳುತ್ತಾರೆ. ತಮ್ಮ ಹೆಸರು ಮೊದಲಿನಂತೆಯೇ ಇರುವುದನ್ನು ಕಂಡು ಮತ್ತೆ ಮಲಗುತ್ತಾರೆ. ಹಾಗಾಗಿ ಎಚ್ಚೆತ್ತ ತಂತ್ರಾಂಶವು ಬದಲಾವಣೆ ಆಯಿತೆಂದು ನಂಬಿ ಮುಂದುವರಿಯದೆ, ಹಳೆಯ ಮತ್ತು ಹೊಸ ಮೌಲ್ಯಗಳನ್ನು ತಾನೇ ಹೋಲಿಸಿ ನೋಡಬೇಕು. ಸೂಚನೆ ಬರದೆ ಹೋಗುವುದಕ್ಕಿಂತ ಅನಗತ್ಯವಾಗಿ ಬರುವುದು ಲೇಸು ಎಂದು ರಚಿಸಿದವರು ಭಾವಿಸಿದ್ದರೆ ಅದರಲ್ಲಿ ನ್ಯಾಯವಿದೆ.

ಸಿಸ್‌ಸಿಟಿಎಲ್‌ನ ಕಡತಗಳು ನೂರಾರು. ಅವುಗಳಲ್ಲಿ ಎರಡಕ್ಕೆ ಮಾತ್ರ ಬಾಯಿ ಕೊಟ್ಟದ್ದು ಏಕೆ ಎಂಬ ಪ್ರಶ್ನೆ ಸಹಜ. ಹೆಸರು ಬದಲಾಗುವುದು ಅಪರೂಪ, ಆದರೆ ಬದಲಾದಾಗ ಅದನ್ನು ಅವಲಂಬಿಸಿದವರು ಹಲವರು. ಸೂಚನೆಗೆ ತಕ್ಕ ವಸ್ತು ಅದು. ಕೆಲವು ಕಡತಗಳ ಮೌಲ್ಯ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಅಂತಹ ಕಡೆ ಪ್ರತಿ ಬದಲಾವಣೆಗೂ ಸಾರುತ್ತ ಹೋದರೆ ಕೇಳುವವರು ಹುಚ್ಚಾಗಬೇಕು. ಇನ್ನು ಎಷ್ಟೋ ಮೌಲ್ಯಗಳು ಯಂತ್ರದ ಆಡಳಿತಗಾರರು ಒಮ್ಮೆ ನಿಗದಿಪಡಿಸಿ ಮರೆತುಬಿಡುವಂತಹವು.

ನಾವು ಮಾಡಿದ್ದು

ನಮ್ಮ ಧ್ವನಿಭಂಡಾರದ ಸಂಗತಿಗೆ ಮರಳುತ್ತೇನೆ. ೨೦೧೬ರಲ್ಲಿ ನಮ್ಮ ಯಂತ್ರಗಳಲ್ಲಿದ್ದ ಕರ್ನೆಲ್‌ಗೆ ಈ ಸೌಲಭ್ಯ ಸೇರಿ ನಾಲ್ಕು ವರ್ಷ ಕಳೆದಿತ್ತು. ಕರ್ನೆಲ್ ಸಾರಲು ಸಿದ್ಧವಾಗಿತ್ತು. ನಮ್ಮ ತಂತ್ರಾಂಶ ಕೇಳಿಸಿಕೊಳ್ಳಲು ಕುಳಿತಿರಲಿಲ್ಲ. ತಂತ್ರಾಂಶವನ್ನು ಬರೆದುಕೊಟ್ಟ ಯುವಕರು ಮೂರು ದಿನಗಳಲ್ಲಿ ಅದನ್ನು ತಿದ್ದಿದರು. ಈಗ ಅದು ಹೋಸ್ಟ್‌ನೇಮ್ ಕಡತವನ್ನು ತೆರೆದಿಟ್ಟುಕೊಂಡೇ ಇರುತ್ತದೆ. ಎಚ್ಚೆತ್ತಾಗ ಹೆಸರನ್ನು ಓದಿ ಹೋಲಿಸುತ್ತದೆ. ಬೇರೆಯಾಗಿದ್ದರೆ ನಡೆಯುತ್ತಿರುವ ಧ್ವನಿಕಡತವನ್ನು ಅಲ್ಲಿಗೆ ಮುಗಿಸಿ, ಹೊಸ ತಲೆಬರಹದೊಡನೆ ಇನ್ನೊಂದನ್ನು ಆರಂಭಿಸುತ್ತದೆ. ಹಳೆಯ ಹೆಸರು, ಹೊಸ ಹೆಸರು, ಸಮಯ ಇವುಗಳನ್ನು ಪ್ರತ್ಯೇಕವಾದ ದಾಖಲೆಯೊಂದರಲ್ಲಿ ಬರೆದಿಡುತ್ತದೆ. ಕರ್ನೆಲ್ ಕೊಡದ ಚರಿತ್ರೆಯನ್ನು ನಾವೇ ಕಟ್ಟಿಕೊಳ್ಳಬೇಕಾಯಿತು ಎಂದರ್ಥ.

ಇಷ್ಟಾದರೂ ಮೂಲದ ತಪ್ಪು ಬೇರೆ ಕಡೆಯಿತ್ತು ಎಂಬುದನ್ನು ಒಪ್ಪಿಕೊಳ್ಳಬೇಕು. ಡೆಕ್ಕಿನ ಗುರುತನ್ನು ಯಂತ್ರದ ಹೆಸರಿನಿಂದ ಊಹಿಸಿದ್ದೇ ವಿಧಾನದ ದೋಷ, ಅದನ್ನು ಮಾಡಿದವನು ನಾನು. ಎರಡೂ ಯಾವಾಗಲೂ ಜೊತೆಯಾಗಿಯೇ ಇರುತ್ತವೆಂದು ಬಗೆದಿದ್ದೆ. ಕ್ಷೇತ್ರದಲ್ಲಿ ಹಾಡು ಆರಂಭವಾಗುವುದಕ್ಕೆ ಮುನ್ನ ಊರು, ದಿನಾಂಕ, ವಕ್ತೃವಿನ ಹೆಸರು ಇವುಗಳನ್ನು ಬಾಯಲ್ಲಿ ಹೇಳಿ ಮುದ್ರಿಸುವ ಪದ್ಧತಿಯನ್ನು ವಿದ್ಯಾರ್ಥಿಗಳಿಗೆ ಕಡ್ಡಾಯ ಮಾಡುತ್ತಿದ್ದ ನಾನು, ಅಂಕೀಯಗೊಳಿಸುವ ಕೊಠಡಿಯಲ್ಲಿ ಅದನ್ನು ಪಾಲಿಸಿರಲಿಲ್ಲ. ಈಗ ಪ್ರತಿ ಕ್ಯಾಸೆಟ್ಟಿಗೂ ಮೊದಲು ಡೆಕ್ಕಿನ ಸಂಖ್ಯೆಯನ್ನು ಹೇಳಿ ಮುದ್ರಿಸುತ್ತೇವೆ. ಜೊತೆಗೆ ನಿಗದಿತ ಶ್ರುತಿಯ ಪರೀಕ್ಷಾಸ್ವರವಿರುವ ಕ್ಯಾಸೆಟ್ಟೊಂದನ್ನು ಪ್ರತಿದಿನ ಬೆಳಿಗ್ಗೆ ಎರಡೂ ಡೆಕ್ಕುಗಳಲ್ಲಿ ಓಡಿಸಿ ಅಳೆಯುತ್ತೇವೆ.

೩೮ ಕ್ಯಾಸೆಟ್ಟುಗಳಲ್ಲಿ ನಮ್ಮ ಬಳಿಯೇ ಇದ್ದ ೨೯ನ್ನು ಮರಳಿ ಅಂಕೀಯಗೊಳಿಸಿದೆವು. ಹಿಂದಿರುಗಿಸಿದ್ದ ೯ರಲ್ಲಿ ೬ ಮನೆಗಳಿಂದ ಮತ್ತೆ ದೊರೆತವು. ಉಳಿದ ೩ರಲ್ಲಿ ಎರಡಕ್ಕೆ ಬೂಸಲು ಹಿಡಿದು ಪಟ್ಟಿ ಅಂಟಿಕೊಂಡಿತ್ತು, ಒಂದು ಸಿಗಲೇ ಇಲ್ಲ. ಆ ಮೂರರ ಅಂಕೀಯ ಪ್ರತಿಗಳ ಶ್ರುತಿಯನ್ನು ಡೆಕ್ಕಿನ ವೇಗದ ಲೆಕ್ಕ ಹಿಡಿದು ಸರಿಪಡಿಸಿ, ಮೊದಲು ಬಂದಿದ್ದ ಆ ಮಗನನ್ನೇ ಕರೆಸಿ ಕೇಳಿಸಿದೆವು. ಮೂರರಲ್ಲಿ ಒಂದು ಅವರ ತಂದೆಯದಾಗಿತ್ತು. ಅವರು ಪೂರ್ತಿ ಒಂದು ಮಗ್ಗುಲು ಕೇಳಿ, “ಹ್ಞೂಂ, ಈಗ ಅಯ್ಯನೇ” ಎಂದರು. ಉಳಿದೆರಡರ ಹಾಡುಗಾರರ ಕಡೆಯವರು ಯಾರೂ ಇನ್ನೂ ಪತ್ತೆಯಾಗಿಲ್ಲ. ಸೂಚಿಯಲ್ಲಿ ಅವುಗಳ ಮುಂದೆ ‘ಶ್ರುತಿ ಪರಿಶೀಲನೆಗೆ ಬಾಕಿ’ ಎಂದು ಬರೆದಿದೆ.